ನೆಗಡಿಗೆ ಮೂಗು ಕೊಯ್ಯುವವರು

“ಹೆಣ್ಣುಮಕ್ಕಳಿಗೆ ಇಷ್ಟು ಓದು ಸಾಕು” ಎಂದು ಬಾಯಿಬಿಟ್ಟು ಹೇಳುವವರು ಈಗ ನಮ್ಮ ಶಿಕಾರಿಪುರದಲ್ಲಾಗಲಿ ಸೊರಬದಲ್ಲಾಗಲಿ ಹೆಚ್ಚು ಸಿಗುವುದಿಲ್ಲ. ಹಾಗೆಂದರೆ ನಾಲ್ಕು ಜನ ನಗುತ್ತಾರೆಂಬ ಅಂಜಿಕೆ. ಅದಕ್ಕೇ ಈಗಿನವರು ಬೇರೆ ಮಾತು ಕಲಿತಿದ್ದಾರೆ. “ಓದಲಿ, ಯಾರು ಬೇಡ ಅಂದರು? ಆದರೆ ಅಷ್ಟು ದೂರ...” ಎಂದು ಮಾತನ್ನು ಅರ್ಧಕ್ಕೇ ಬಿಡುತ್ತಾರೆ. ಆ ಅರ್ಧ ಮಾತಿನಲ್ಲಿ ಎಷ್ಟು ಹುಡುಗಿಯರ ಎಂ.ಎಸ್ಸಿ. ಮುಳುಗಿಹೋಗಿದೆ ಎಂಬುದನ್ನು ಇಪ್ಪತ್ತೈದು ವರ್ಷಗಳಿಂದ ಪಾಠ ಹೇಳುತ್ತಿರುವ ನಾನು ಬಲ್ಲೆ.

ಈ ‘ದೂರ’ಕ್ಕೆ 2025ರಲ್ಲಿ ದೆಹಲಿಯೂ ತನ್ನದೊಂದು ಬೀಗ ಸೇರಿಸಿತು. ಮನಃಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಜೈವಿಕ ತಂತ್ರಜ್ಞಾನ, ಆಹಾರ ಮತ್ತು ಪೋಷಣೆ ಮೊದಲಾದ ವಿಷಯಗಳಿಗೆ ಆ ವರ್ಷದ ಜುಲೈ-ಆಗಸ್ಟ್‌ನಿಂದ ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಪ್ರವೇಶ ಕೊಡಕೂಡದು ಎಂದು ಯು.ಜಿ.ಸಿ. ಹೇಳಿತು. 2021ರ ಆರೋಗ್ಯ ವೃತ್ತಿಗಳ ಕಾಯ್ದೆಯೇ ಇದಕ್ಕೆ ಆಧಾರ. ದತ್ತಾಂಶ ವಿಶ್ಲೇಷಣೆಗೆ, ಅಂದರೆ ಎಲ್ಲರೂ ಡೇಟಾ ಸೈನ್ಸ್ ಎನ್ನುತ್ತಾರಲ್ಲ ಅದಕ್ಕೆ, ಈ ನಿಷೇಧವಿಲ್ಲ. ಅಂಕಿಸಂಖ್ಯೆಯನ್ನು ಮನೆಯಲ್ಲಿ ಕೂತು ಕಲಿಯಬಹುದಂತೆ, ಮನಸ್ಸನ್ನು ಕಲಿಯಬಾರದಂತೆ!

ಇವೆಲ್ಲ ಪಟ್ಟಣದವರ ವಿಷಯ, ನಮಗೇಕೆ ಎನ್ನುವ ಗೆಳತಿಯರಿದ್ದಾರೆ. ಅವರಿಗೆ ಸೊರಬ ತಾಲ್ಲೂಕಿನ ಕ್ಯಾಸನೂರನ್ನು ನೆನಪಿಸುತ್ತೇನೆ. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನ ಜ್ವರ ಬಂದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸದೊಂದು ವೈರಾಣುವನ್ನು ಗುರುತಿಸಿದರು. ನಾವು ಮಂಗನ ಕಾಯಿಲೆ ಎನ್ನುವ ಇದಕ್ಕೆ ಜಗತ್ತಿನ ವೈದ್ಯ ಗ್ರಂಥಗಳಲ್ಲಿ ಕ್ಯಾಸನೂರು ಕಾಡಿನ ರೋಗವೆಂದೇ ಹೆಸರು. ಉಣುಗು ಕಚ್ಚುವುದು ಯಾರಿಗೆ? ದರಗು ಗುಡಿಸಲು, ಸೌದೆ ತರಲು, ದನ ಹುಡುಕಲು ಕಾಡಿಗೆ ಹೋಗುವವರಿಗೆ. ಅವರಲ್ಲಿ ಹೆಂಗಸರು ಎಷ್ಟು ಮಂದಿ ಎಂಬುದನ್ನು ನಿಮಗೆ ಹೇಳಬೇಕೆ?

ಈ ಒಂದು ಕಾಯಿಲೆಯಲ್ಲೇ ಮೂರೂ ಎಂ.ಎಸ್ಸಿ.ಗಳಿವೆ ನೋಡಿ. ವೈರಾಣು, ಉಣುಗು, ಮಂಗ ಇವುಗಳ ನಂಟು ತಿಳಿಯುವುದು ಜೀವವಿಜ್ಞಾನ. ಯಾವ ಕಾಡಿನಲ್ಲಿ ಯಾವ ವಾರ ಎಷ್ಟು ಮಂಗ ಸತ್ತವು, ಯಾವ ಊರಲ್ಲಿ ಎಷ್ಟು ಜನಕ್ಕೆ ಜ್ವರ ಎಂದು ಲೆಕ್ಕವಿಟ್ಟು ಪಕ್ಕದ ಊರನ್ನು ಮೊದಲೇ ಎಚ್ಚರಿಸುವುದು ದತ್ತಾಂಶ ವಿಶ್ಲೇಷಣೆ. ಕೈಗೆ ಡೇಪಾ ಎಣ್ಣೆ ಕೊಟ್ಟರೂ ಅದನ್ನು ಹಚ್ಚಿಕೊಳ್ಳದೆ ಕಾಡಿಗೆ ಹೋಗುವವರ ಮನಸ್ಸಿನಲ್ಲಿ ಏನಿದೆ ಎಂದು ಅರಿಯುವುದು ಮನಃಶಾಸ್ತ್ರ. ಕಾಯಿಲೆ ನಮ್ಮದು, ಸಾವು ನಮ್ಮದು, ಹೆಸರೂ ನಮ್ಮದು. ಓದು ಮಾತ್ರ ಬೇರೆಯವರದು!

ಶಾಲೆಯ ಮಾತಿಗೆ ಬರೋಣ. ಬಿ.ಎಡ್.ನಲ್ಲಿ ನಮಗೆ ಸಿಕ್ಕ ಮನಃಶಾಸ್ತ್ರವೆಂದರೆ ಪಾವ್ಲಾವನ ನಾಯಿ, ಥಾರ್ನ್‌ಡೈಕನ ಬೆಕ್ಕು. ಅಪ್ಪನ ಕುಡಿತಕ್ಕೆ ಹೆದರಿ ಮೂರು ದಿನದಿಂದ ತುಟಿ ಬಿಚ್ಚದ ಎಂಟನೇ ತರಗತಿಯ ಹುಡುಗಿಯನ್ನು ಮಾತಾಡಿಸಲು ಆ ನಾಯಿಯೂ ನೆರವಾಗದು, ಬೆಕ್ಕೂ ನೆರವಾಗದು. ಮಕ್ಕಳ ಹಾಜರಿ, ಅಂಕ, ಎಲ್ಲವನ್ನೂ ಎಸ್.ಎ.ಟಿ.ಎಸ್.ಗೆ ತುಂಬುವವರೂ ನಾವೇ. ತುಂಬಿದ ಅಂಕಿಗಳಿಂದ ಯಾವ ಮಗು ಶಾಲೆ ಬಿಡುವ ಹಾದಿಯಲ್ಲಿದೆ ಎಂದು ಓದಿ ತಿಳಿಯುವ ವಿದ್ಯೆಯನ್ನು ಮಾತ್ರ ನಮಗೆ ಯಾರೂ ಕಲಿಸಲಿಲ್ಲ. ಭತ್ತ ಕುಟ್ಟುವವರು ನಾವು, ಅನ್ನದ ರುಚಿ ಹೇಳುವವರು ಬೆಂಗಳೂರಿನವರು.

ಯು.ಜಿ.ಸಿ.ಯ ಮಾತಿನಲ್ಲಿ ನಿಜವಿಲ್ಲವೆಂದು ನಾನು ಹೇಳುವುದಿಲ್ಲ. ಅಂಚೆಯಲ್ಲಿ ಬಂದ ಪುಸ್ತಕ ಓದಿ ಬೋರ್ಡು ಹಾಕಿಕೊಂಡು ಇನ್ನೊಬ್ಬರ ಮನಸ್ಸಿಗೆ ಔಷಧಿ ಹೇಳಹೊರಟರೆ ಅದು ಅಪಾಯವೇ. ಸೂಕ್ಷ್ಮದರ್ಶಕ ಮುಟ್ಟದೆ ಸೂಕ್ಷ್ಮಜೀವಿಶಾಸ್ತ್ರ ಬರುವುದಿಲ್ಲ. ಸರಿ, ಪ್ರಯೋಗವನ್ನು ಕಡ್ಡಾಯ ಮಾಡಲಿ. ದಸರಾ ರಜೆ, ಬೇಸಿಗೆ ರಜೆಯಲ್ಲಿ ತಾಲ್ಲೂಕಿನ ಪದವಿ ಕಾಲೇಜಿನಲ್ಲಿ ಪ್ರಯೋಗ, ತಾಲ್ಲೂಕು ಆಸ್ಪತ್ರೆಯಲ್ಲಿ ತರಬೇತಿ ಇಡಲಿ, ಪರೀಕ್ಷೆಯನ್ನು ಬಿಗಿ ಮಾಡಲಿ. ಅದೆಲ್ಲ ಬಿಟ್ಟು ಬಾಗಿಲನ್ನೇ ಮುಚ್ಚುವುದು ನೆಗಡಿಯಾಯಿತೆಂದು ಮೂಗನ್ನೇ ಕೊಯ್ದಂತೆ. ಇಷ್ಟಕ್ಕೂ ಮನಃಶಾಸ್ತ್ರ ಓದುವವರೆಲ್ಲ ಚಿಕಿತ್ಸೆ ಮಾಡಲೆಂದೇ ಓದುವುದಿಲ್ಲ. ತಾಯಂದಿರು ಓದುತ್ತಾರೆ, ಟೀಚರುಗಳು ಓದುತ್ತಾರೆ, ಅಂಗನವಾಡಿಯವರು ಓದುತ್ತಾರೆ. ಅವರನ್ನೂ ಕಳ್ಳ ವೈದ್ಯರ ಸಾಲಿಗೆ ಸೇರಿಸುವುದು ಯಾವ ನ್ಯಾಯ?

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ವಿಭಾಗ ಶುರುವಾದದ್ದು 1924ರಷ್ಟು ಹಿಂದೆ. ಅದನ್ನು ಕಟ್ಟಿದ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ರೇಡಿಯೋ ಪ್ರಸಾರ ಆರಂಭಿಸಿದವರು. ‘ಆಕಾಶವಾಣಿ’ ಎಂಬ ಹೆಸರು ನಾಡಿಗೆ ಬಂದದ್ದು ಆ ಮನೆಯಿಂದ. ಒಬ್ಬ ಮನಃಶಾಸ್ತ್ರದ ಮೇಷ್ಟ್ರು ತಿಳಿವಳಿಕೆಯ ಮಾತನ್ನು ಗಾಳಿಯ ಮೇಲೆ ಮನೆಮನೆಗೆ ಕಳಿಸಿದ ನಾಡಿನಲ್ಲಿ ಈಗ ಮನಃಶಾಸ್ತ್ರವೇ ಮನೆಯೊಳಗೆ ಕಾಲಿಡಬಾರದು!

ದೂರಶಿಕ್ಷಣದ ಮೇಲೆ ಜನಕ್ಕೆ ಅನುಮಾನ ಹುಟ್ಟಿದ್ದಕ್ಕೂ ಕಾರಣವಿದೆ. 1996ರಲ್ಲಿ ಆರಂಭವಾದ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಮಾನ್ಯತೆಯನ್ನು ಯು.ಜಿ.ಸಿ. 2015ರಲ್ಲಿ ಹಿಂದಕ್ಕೆ ಪಡೆದು, 2018ರಲ್ಲಿ ಮತ್ತೆ ಕೊಟ್ಟಿತು. ದೊಡ್ಡವರ ಜಗಳ ದೊಡ್ಡವರ ನಡುವೆ ಮುಗಿಯಿತು. ನಡುವೆ ಸಿಕ್ಕಿಕೊಂಡವರು ಶುಲ್ಕ ಕಟ್ಟಿ, ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಓದಿ, ಪರೀಕ್ಷೆ ಬರೆದವರು. ತಪ್ಪು ಯಾರದೋ, ಶಿಕ್ಷೆ ಇವರಿಗೆ.

ಹಾಗಾದರೆ ಶಂಕರಘಟ್ಟಕ್ಕೆ ಹೋಗಲಿ, 1987ರಲ್ಲಿ ಮಲೆನಾಡಿಗೆಂದೇ ಕುವೆಂಪು ವಿಶ್ವವಿದ್ಯಾನಿಲಯ ಆಗಿದೆಯಲ್ಲ ಎನ್ನುತ್ತೀರಿ. ಹೋಗಬಲ್ಲವರು ಖಂಡಿತ ಹೋಗಲಿ. ಆದರೆ ಶಿಕಾರಿಪುರದಿಂದ ಶಿವಮೊಗ್ಗಕ್ಕೇ 50 ಕಿಲೋಮೀಟರಿಗೂ ಮೇಲೆ, ಅಲ್ಲಿಂದ ಇನ್ನೊಂದು ಬಸ್ಸು. ಸೊರಬದವರಿಗೆ ದಾರಿ ಇನ್ನೂ ಉದ್ದ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ, ನಮ್ಮ ಕಡೆ ಓಡುವ ಎಷ್ಟೋ ಬಸ್ಸುಗಳು ಖಾಸಗಿಯವು. ಇನ್ನು ಮಗು ಎತ್ತಿಕೊಂಡ ಸೊಸೆಗೆ, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವವಳಿಗೆ ಯಾವ ಬಸ್ಸು ಇದ್ದರೇನು?

ಹಾಗೆಂದು ಎಲ್ಲ ತಪ್ಪನ್ನೂ ದೆಹಲಿಯ ತಲೆಗೆ ಕಟ್ಟಿದರೆ ನಮ್ಮ ಮನೆಯ ಹಿರಿಯರು ಸುಲಭವಾಗಿ ಪಾರಾಗುತ್ತಾರೆ. ಮಗ ಡೇಟಾ ಸೈನ್ಸ್ ಓದುತ್ತೇನೆಂದರೆ ಅಡಿಕೆ ಮಾರಿದ ದುಡ್ಡು ಬೆಂಗಳೂರಿಗೆ ಹೋಗುತ್ತದೆ. ಮಗಳು ಅದನ್ನೇ ಕೇಳಿದರೆ “ಮದುವೆಯಾದ ಮೇಲೆ ಗಂಡ ಓದಿಸಿದರೆ ಓದು” ಎಂಬ ಉತ್ತರ. ನಮ್ಮ ತಾಲ್ಲೂಕಿನ ತಾಳಗುಂದದ ಕಂಬದ ಶಾಸನ ಏನು ಹೇಳುತ್ತದೆ? ಮಯೂರಶರ್ಮ ಗುರು ವೀರಶರ್ಮನೊಡನೆ ಕಂಚಿಯವರೆಗೆ ಓದಲು ಹೋದನೆಂದು. ಅವನಿಗೆ ಯಾರಾದರೂ “ಅಷ್ಟು ದೂರ...” ಎಂದಿದ್ದರೆ ಕದಂಬರೂ ಇಲ್ಲ, ಬನವಾಸಿಯೂ ಇಲ್ಲ. ಓದು ಊರಿಗೇ ಬರುವುದೂ ನಮಗೆ ಹೊಸದಲ್ಲ. ಬಳ್ಳಿಗಾವಿಯ ಕೋಡಿಯ ಮಠದಲ್ಲಿ ವೇದ, ವ್ಯಾಕರಣಗಳ ಪಾಠವೂ ರೋಗಿಗಳ ಆರೈಕೆಯೂ ಒಟ್ಟಿಗೇ ನಡೆಯುತ್ತಿದ್ದುದನ್ನು 1162ರ ಶಾಸನ ವರ್ಣಿಸಿದೆ. ವಿದ್ಯೆಯೂ ಆಸ್ಪತ್ರೆಯೂ ಒಂದೇ ಅಂಗಳದಲ್ಲಿ! ಎಂಟುನೂರು ವರ್ಷಗಳ ಹಿಂದೆ ಆದದ್ದು ಈಗ ಆಗದೆಂದರೆ ನಂಬಲು ನಾವೇನು ಹಾಲು ಕುಡಿಯುವ ಮಕ್ಕಳೇ?

ಆದ್ದರಿಂದ ಗೆಳತಿಯರೇ, ಮಹಿಳಾ ಸಮಾಜದ ಸಭೆಯಲ್ಲಿ ರಂಗೋಲಿ ಸ್ಪರ್ಧೆಯ ಬಹುಮಾನ ಹಂಚಿದ ಮೇಲೆ ಐದು ನಿಮಿಷ ಉಳಿಯಿರಿ. ತಾಲ್ಲೂಕಿನಲ್ಲೇ ಪ್ರಯೋಗದ ಕೇಂದ್ರ ಬೇಕು, ಪ್ರಯೋಗಕ್ಕೆ ಬರಲು ಒಪ್ಪುವವರಿಗೆ ಮನೆಯಿಂದ ಓದುವ ದಾರಿ ಮತ್ತೆ ತೆರೆಯಬೇಕು ಎಂದು ಬರೆದು, ಸಹಿ ಹಾಕಿ, ವಿಶ್ವವಿದ್ಯಾನಿಲಯಕ್ಕೂ ಶಾಸಕರಿಗೂ ಸಂಸದರಿಗೂ ಕಳಿಸಿ. ಉತ್ತರ ಬರದಿದ್ದರೆ ಮತ್ತೆ ಕಳಿಸಿ. ಕ್ಯಾಸನೂರಿನ ಕಾಡು ತನ್ನ ಹೆಸರನ್ನು ಜಗತ್ತಿನ ಪ್ರಯೋಗಾಲಯಗಳಿಗೆಲ್ಲ ಕೊಟ್ಟಿದೆ. ಪ್ರತಿಯಾಗಿ ಸೊರಬದ ಹುಡುಗಿಗೊಂದು ಪ್ರಯೋಗಾಲಯ ಕೇಳುವುದು ದುರಾಸೆಯೇನಲ್ಲ.