ಅತ್ತರಿನ ಒಂದು ಹನಿ

ಮಾದಾಪುರದ ಹೋಟೆಲು, ಕಚೇರಿಗಳಲ್ಲಿ ದುಡಿಯುವ ನಮ್ಮ ಕನ್ನಡ ಬಾಂಧವರು ರಜಾದಿನಗಳಲ್ಲಿ ಚಾರ್‌ಮಿನಾರಿನ ಕಡೆ ಹೋಗಿ ಅರಬ್ಬೀ ಅತ್ತರು ಕೊಳ್ಳುವುದುಂಟು. ಇದನ್ನು ದುಂದುವೆಚ್ಚವೆಂದು ಹಳಿಯುವವರ ಮಾತನ್ನು ನಾವು ಒಪ್ಪಲಾರೆವು. ದಿನವಿಡೀ ಒಗ್ಗರಣೆಯ ಹೊಗೆಯಲ್ಲಿ ನಿಂತವನಿಗೆ ಸುಗಂಧದ ಹಕ್ಕು ಎಲ್ಲರಿಗಿಂತ ಹೆಚ್ಚು. ಅದು ಪರಕೀಯವೂ ಅಲ್ಲ. ಹೂವಿನ ಸಾರವನ್ನು ಹಿಡಿದಿಡಲು ನಮ್ಮ ದೇಶದ ಹಳೆಯ ಅತ್ತರುಗಾರರು ಆಶ್ರಯಿಸಿದ್ದು ಶ್ರೀಗಂಧದೆಣ್ಣೆಯನ್ನೇ. ಮೈಸೂರು ಸಂಸ್ಥಾನವು 1916ರಲ್ಲಿಯೇ ಅದನ್ನು ಬಟ್ಟಿಯಿಳಿಸತೊಡಗಿತು.

ಆದರೆ ಅಗರು ಮರದ ನಿಜವಾದ ಊದ್ ಎಣ್ಣೆ ಬಲು ದುಬಾರಿ. ಅಗ್ಗದ ಸೀಸೆಯ ಮೇಲಿನ ಹೆಸರನ್ನು ನಂಬಿ ಮೋಸಹೋಗಬಾರದು. ಮಣಿಕಟ್ಟಿಗೆ ಹಚ್ಚಿ, ಒಂದೆರಡು ಗಂಟೆ ಕಾದು ಕೊಳ್ಳುವುದು ಲೇಸು. ಬಡಿಸುವ ವೇಳೆಯಲ್ಲಿ ಮಾತ್ರ ಅದು ಸಲ್ಲದು. ಉಣ್ಣಲು ಕುಳಿತವನಿಗೆ ಮೊದಲು ಸಾರಿನ ಪರಿಮಳ ತಲುಪಬೇಕು. ಕೆಲಸ ಮುಗಿಸಿ ಮಿಂದ ಬಳಿಕ, ಕಿವಿಯ ಹಿಂದೆ ಒಂದು ಹನಿ ಸಾಕು.