ಪರದೆ ಕಪ್ಪಾದರೆ ಕೈಕಟ್ಟಿ ಕೂರಬೇಕೆ?

ಕುಕ್ಕರು ಸೀಟಿ ಕೂಗದಿದ್ದರೆ ನಾವು ಯಾರನ್ನೂ ಕರೆಯಲು ಓಡುವುದಿಲ್ಲ. ವೆಯ್ಟ್ ತೆಗೆದು ರಂಧ್ರದಲ್ಲಿ ಅನ್ನದ ಅಗುಳು ಸಿಕ್ಕಿದೆಯೇ ನೋಡುತ್ತೇವೆ, ಆಮೇಲೆ ಗ್ಯಾಸ್ಕೆಟ್ ಬದಲಿಸುತ್ತೇವೆ. ಮಿಕ್ಸಿ ತಿರುಗದಿದ್ದರೆ ಇನ್ನೊಂದು ಜಾರು ಕೂರಿಸಿ, ದೋಷ ಜಾರಿನದೋ ಮೋಟಾರಿನದೋ ಎಂದು ಅರೆಕ್ಷಣದಲ್ಲಿ ತೀರ್ಪು ಕೊಡುತ್ತೇವೆ. ಅದೇ ಮನೆಯ ಕಂಪ್ಯೂಟರಿನ ಪರದೆ ಮಿಣುಕಿದರೆ ಮಾತ್ರ, "ಅಯ್ಯೋ, ಅದೆಲ್ಲಾ ನಮಗೆಲ್ಲಿ ತಿಳಿಯುತ್ತೆ!" ಎಂದು ಕೈಕಟ್ಟಿ ಕೂರುತ್ತೇವೆ. ನನ್ನ ತಕರಾರು ಈ ಮಾತಿನ ಮೇಲೆ. ಇದು ವಿನಯವಲ್ಲ, ನಮಗೆ ಬಾಯಿಪಾಠ ಮಾಡಿಸಿದ ಸುಳ್ಳು.

ಪರದೆಯ ತೊಂದರೆಯಲ್ಲಿ ಹೆಚ್ಚು ಸಲ ಸಿಕ್ಕಿಬೀಳುವವನು ಡ್ರೈವರ್. ಇವನು ಕಾರು ಓಡಿಸುವವನಲ್ಲ, ದುಭಾಷಿ. ವಿಂಡೋಸ್ ಹೇಳಿದ್ದನ್ನು ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಅರ್ಥವಾಗುವಂತೆ ತಿಳಿಸುವ ಒಂದು ತಂತ್ರಾಂಶ, ಅಷ್ಟೆ. ಅಪ್‌ಡೇಟ್ ಎಂಬ ನೆಪದಲ್ಲಿ ರಾತ್ರೋರಾತ್ರಿ ಹಳೆಯ ದುಭಾಷಿ ಹೋಗಿ ಹೊಸಬ ಬಂದು ಕೂರುತ್ತಾನೆ. ಅವನಿಗೆ ಮಾತು ಸರಿಯಾಗಿ ಬಾರದಿದ್ದರೆ ಪರದೆ ಕ್ಷಣ ಕಪ್ಪಾಗಿ ಮತ್ತೆ ಬೆಳಗುತ್ತದೆ. ದುಭಾಷಿಯೇ ಇಲ್ಲದಿದ್ದರೆ ವಿಂಡೋಸ್ ತನ್ನ ಬಳಿಯಿರುವ ಸಾಧಾರಣ ಡ್ರೈವರಿನಲ್ಲಿ ಕೆಲಸ ಸಾಗಿಸುತ್ತದೆ; ಆಗ ಅಕ್ಷರಗಳು ಊದಿಕೊಂಡು, ಚಿತ್ರಗಳು ಮಂಕಾಗುತ್ತವೆ.

ಇದಕ್ಕೆ ಮನೆಯವಳ ಕೈ ತಾಗಿದ್ದು ಕಾರಣವೆಂದು ಗೊಣಗುವವರಿದ್ದಾರೆ. "ನೀನೇನೋ ಒತ್ತಿರಬೇಕು" ಎಂಬ ಆರೋಪ ಯಾವ ಹೆಣ್ಣಿಗೆ ಹೊಸದು? ಅಂಥವರಿಗೆ ಈ ಲೆಕ್ಕ ಹೇಳಿ. 2008ರಲ್ಲಿ ಅಮೆರಿಕದ ಒಂದು ಮೊಕದ್ದಮೆಯಲ್ಲಿ ಮೈಕ್ರೋಸಾಫ್ಟಿನ ಒಳಗಿನ ದಾಖಲೆಗಳು ಬಯಲಾದವು. 2007ರಲ್ಲಿ ದಾಖಲಾದ ವಿಸ್ಟಾ ಕುಸಿತಗಳಲ್ಲಿ ಶೇಕಡ 28ಕ್ಕೂ ಹೆಚ್ಚು ಪಾಲು ಎನ್‌ವಿಡಿಯಾದ ಡ್ರೈವರುಗಳದೆಂದು ಅವುಗಳಲ್ಲಿತ್ತು. ಅದೇ ಎನ್‌ವಿಡಿಯಾ 2010ರ ಮಾರ್ಚಿನಲ್ಲಿ 196.75 ಎಂಬ ಡ್ರೈವರನ್ನು ಬಿಟ್ಟು, ಕಾರ್ಡಿನ ಫ್ಯಾನು ಸರಿಯಾಗಿ ತಿರುಗದೆ ಬಿಸಿಯೇರುವ ದೂರು ಬಂದಾಗ ಹಿಂದಕ್ಕೆ ಪಡೆಯಿತು. ತಯಾರಿಸಿದವರೇ ಎಡವಿದ್ದಕ್ಕೆ ನಾವೇಕೆ ತಲೆ ತಗ್ಗಿಸಬೇಕು?

ಈ ಅಂಜಿಕೆಗೆ ಬೆಲೆಯಿದೆ. ನನ್ನ ಪರಿಚಯದವರೊಬ್ಬರು ಮನೆಯಲ್ಲೇ ಲಗ್ನಪತ್ರಿಕೆ ವಿನ್ಯಾಸ ಮಾಡಿ ನಾಲ್ಕು ಕಾಸು ಸಂಪಾದಿಸುವವರು. ಪರದೆ ಮಿಣುಕಿತೆಂದು ಗಂಡ ಯಂತ್ರವನ್ನು ಅಂಗಡಿಗೆ ಹೊತ್ತೊಯ್ದರು. ಅಲ್ಲಿ ಎಲ್ಲ ರೋಗಕ್ಕೂ ಒಂದೇ ಮದ್ದು: "ಫಾರ್ಮ್ಯಾಟ್ ಮಾಡಬೇಕು." ಮಾಡಿದರು. ವರ್ಷಗಳ ಕೆಲಸ, ತೀರಿಕೊಂಡ ತಾಯಿಯ ಫೋಟೋಗಳು ಎಲ್ಲ ಅಳಿಸಿಹೋದವು. ಒಳಗೆ ಏನಿದೆ ಎಂದು ಬಲ್ಲವರು ಆಕೆಯೊಬ್ಬರೇ. ಆಕೆಯನ್ನು ಯಾರೂ ಕೇಳಲಿಲ್ಲ. ತಲೆನೋವೆಂದು ಹೋದವಳ ಜಡೆ ಕತ್ತರಿಸಿದಂತಾಯಿತು. ವಾರದೊಳಗೆ ಅಪ್‌ಡೇಟ್ ಮತ್ತದೇ ಡ್ರೈವರನ್ನು ತಂದು ಕೂರಿಸಿತು, ಪರದೆ ಮತ್ತೆ ಮಿಣುಕಿತು.

ಮಾಡಬೇಕಿದ್ದುದೇನು? ಮಿಕ್ಸಿಯ ಜಾರು ಬದಲಿಸಿ ನೋಡುವ ಅದೇ ಬುದ್ಧಿಯ ಕೆಲಸ. ಮೊದಲು ಕೇಬಲ್ ಭದ್ರವಾಗಿದೆಯೇ ನೋಡಿ. ಬೇರೆ ಕಾರ್ಡ್ ಹಾಕಿಸಿದ ಯಂತ್ರವಾದರೆ ಕೇಬಲ್ ಆ ಕಾರ್ಡಿನ ಕಿಂಡಿಗೇ ಸೇರಿರಬೇಕು. ಯಂತ್ರ ಹೊತ್ತಿಕೊಂಡೊಡನೆ, ವಿಂಡೋಸ್ ಬರುವ ಮೊದಲೇ, ಕಂಪನಿಯ ಗುರುತಿನ ಮೇಲೂ ಗೆರೆಗಳು ಮೂಡಿದರೆ ದೋಷ ಡ್ರೈವರಿನದಲ್ಲ. ಕಾರ್ಡು, ಕೇಬಲ್ ಅಥವಾ ಪರದೆಯದು. ಆಗ ಅಂಗಡಿಗೆ ಹೋಗಿ, ಸಂಕೋಚ ಬೇಡ. ವಿಂಡೋಸ್ ಬಂದ ಮೇಲಷ್ಟೇ ಕಾಟವಾದರೆ ಸಂಶಯ ಡ್ರೈವರಿನ ಮೇಲೆ.

ಪರದೆ ಹಠಾತ್ತನೆ ಕಪ್ಪಾದಾಗ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಈ ನಾಲ್ಕು ಕೀಲಿಗಳನ್ನು ಒಟ್ಟಿಗೆ ಒತ್ತಿ; ಈಗಿನ ವಿಂಡೋಸಿನಲ್ಲಿ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಎದ್ದು ಕೂರುತ್ತದೆ. ತೊಂದರೆ ಮರುಕಳಿಸಿದರೆ ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಡಿಸ್‌ಪ್ಲೇ ಅಡಾಪ್ಟರ್ಸ್ ಕೆಳಗಿರುವ ಹೆಸರಿನ ಮೇಲೂ ಹಾಗೆಯೇ ಒತ್ತಿ, ಪ್ರಾಪರ್ಟೀಸಿನ ಡ್ರೈವರ್ ಪುಟಕ್ಕೆ ಹೋಗಿ. ಅಲ್ಲಿರುವ ದಿನಾಂಕ, ಆವೃತ್ತಿಗಳನ್ನು ಹಾಲಿನ ಲೆಕ್ಕದ ಪುಸ್ತಕದಲ್ಲಾದರೂ ಬರೆದುಕೊಳ್ಳಿ. ಅಲ್ಲೇ 'ರೋಲ್ ಬ್ಯಾಕ್ ಡ್ರೈವರ್' ಎಂಬ ಗುಂಡಿಯಿದೆ. ಅದು ಹಳೆಯ ದುಭಾಷಿಯನ್ನು ಮರಳಿ ಕರೆಯುತ್ತದೆ. ಗುಂಡಿ ಮಂಕಾಗಿದ್ದರೆ ಹಳೆಯದು ಉಳಿದಿಲ್ಲವೆಂದರ್ಥ. ಆಗ ಲ್ಯಾಪ್‌ಟಾಪ್ ಅಥವಾ ಕಾರ್ಡು ತಯಾರಿಸಿದವರ ತಾಣದಿಂದಲೇ ಸರಿಯಾದ ಡ್ರೈವರನ್ನು ಇಳಿಸಿಕೊಂಡು ಹಾಕಿ. 'ಪುಕ್ಕಟೆ ಡ್ರೈವರ್' ಎಂದು ಕೂಗುವ ಜಾಹೀರಾತುಗಳ ಹತ್ತಿರ ಸುಳಿಯಬೇಡಿ. ಈ ಯಾವುದೂ ನಿಮ್ಮ ಫೋಟೋ, ಲೆಕ್ಕಪತ್ರಗಳನ್ನು ಮುಟ್ಟುವುದಿಲ್ಲ. ಆದರೂ ಅವುಗಳ ನಕಲೊಂದು ಪೆನ್‌ಡ್ರೈವಿನಲ್ಲಿರಲಿ.

"ಇದಕ್ಕೆಲ್ಲ ಪುರುಸೊತ್ತೆಲ್ಲಿ?" ಎನ್ನುತ್ತೀರಿ. ರಿಪೇರಿಯವನ ದಾರಿ ಕಾಯುತ್ತಾ ಕಳೆದ ಮಧ್ಯಾಹ್ನಗಳನ್ನು ಲೆಕ್ಕ ಹಾಕಿ. "ಇಂಗ್ಲಿಷ್ ಬಾರದು" ಎನ್ನುತ್ತೀರಿ. ಔಷಧಿ ಚೀಟಿಯ ಇಂಗ್ಲಿಷನ್ನು ಬಿಡಿಸಿ ಮನೆಮಂದಿಗೆಲ್ಲ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವವರು ಯಾರು ಮತ್ತೆ?

1940ರ ದಶಕದಲ್ಲಿ ಅಮೆರಿಕದಲ್ಲಿ ಎನಿಯಾಕ್ ಎಂಬ ಗಣಕಯಂತ್ರವನ್ನು ಕಟ್ಟಿದಾಗ ಅದಕ್ಕೆ ಕೆಲಸ ಹೇಳಿಕೊಡಲು ನೇಮಿಸಿದ್ದು ಆರು ಮಂದಿ ಹೆಂಗಸರನ್ನು. ಕೈಪಿಡಿ ಇರಲಿಲ್ಲ. ನಕ್ಷೆಗಳನ್ನು ಓದಿಯೇ ಕಲಿತರು. ಸುಮಾರು 18,000 ನಿರ್ವಾತ ಕೊಳವೆಗಳ ಆ ಯಂತ್ರ ಕೈಕೊಟ್ಟರೆ, ಕೆಟ್ಟ ಕೊಳವೆ ಯಾವುದೆಂದು ಹುಡುಕುವಷ್ಟು ಬಲ್ಲವರಾದರು. 1946ರಲ್ಲಿ ಯಂತ್ರವನ್ನು ಲೋಕಕ್ಕೆ ತೋರಿಸಿದಾಗ ಅವರ ಹೆಸರನ್ನು ಯಾರೂ ಎತ್ತಲಿಲ್ಲ. ಹೆಣ್ಣಿಗೆ ಯಂತ್ರ ತಿಳಿಯದೆಂಬುದು ಅವರ ಹೆಸರು ಮರೆಸಿದ ಮೇಲೆ ಹುಟ್ಟಿದ ಕಥೆ.

ಅಂಗಡಿಯವರ ಹೊಟ್ಟೆಯ ಮೇಲೆ ಹೊಡೆಯಿರಿ ಎನ್ನುತ್ತಿಲ್ಲ. ಹೋಗುವಾಗ ಪ್ರಶ್ನೆ ಇಟ್ಟುಕೊಂಡು ಹೋಗಿ. "ಫಾರ್ಮ್ಯಾಟ್" ಎಂದೊಡನೆ, "ಡ್ರೈವರ್ ಹಿಂದಕ್ಕೆ ಹಾಕಿ ನೋಡಿದಿರಾ?" ಎಂದು ಕೇಳಿ. ಆ ಒಂದು ಪ್ರಶ್ನೆಗೆ ಅಂಗಡಿಯ ದನಿ ಎಷ್ಟು ಬೇಗ ಬದಲಾಗುತ್ತದೆಂದು ನೀವೇ ಕಾಣುವಿರಿ.