ಕಿವಿಯಲ್ಲಿ ಕೇಳುವ ದಾರಿ

ಮಂಜು ಕವಿದರೆ ಬಸ್ಸು ರಸ್ತೆಬದಿಯಲ್ಲಿ ನಿಂತೀತು. ಆಕಾಶದಲ್ಲಿರುವ ವಿಮಾನ ಎಲ್ಲಿ ನಿಲ್ಲಬೇಕು? 1920ರ ದಶಕದಲ್ಲಿ ಅಮೆರಿಕದ ಅಂಚೆ ವಿಮಾನ ಚಾಲಕರಿಗೆ ಇದು ಸಾವು-ಬದುಕಿನ ಪ್ರಶ್ನೆ. ಹಗಲಿನಲ್ಲಿ ಅವರು ರೈಲುಹಳಿ, ನದಿಗಳನ್ನು ನೋಡಿಕೊಂಡು ಹಾರುತ್ತಿದ್ದರು. ರಾತ್ರಿಗೆಂದು ಸರ್ಕಾರ ದಾರಿಯುದ್ದಕ್ಕೂ ಗೋಪುರಗಳ ಮೇಲೆ ತಿರುಗುವ ದೀಪಗಳನ್ನು ಹಾಕಿಸಿತು. ಮೋಡ ಮುಸುಕಿದರೆ ಹಳಿಯೂ ಇಲ್ಲ, ದೀಪವೂ ಇಲ್ಲ. ಹಾಗೆ ಪ್ರಾಣ ತೆತ್ತವರು ಹಲವರು.

ಕಣ್ಣು ಸೋತಲ್ಲಿ ಕಿವಿಯನ್ನು ದುಡಿಸಿಕೊಂಡದ್ದು ‘ರೇಡಿಯೋ ರೇಂಜ್’. ಅದರ ಮೂಲ ಉಪಾಯ ಜರ್ಮನಿಯ ಒಟ್ಟೊ ಶೆಲ್ಲರ್ ಅವರದು. 1907ರಲ್ಲೇ ಪೇಟೆಂಟ್ ಪಡೆದಿದ್ದರು. ಅಮೆರಿಕದ ವಿಮಾನ ಮಾರ್ಗಗಳಲ್ಲಿ ಅದು ಬಳಕೆಗೆ ಬಂದದ್ದು ಇಪ್ಪತ್ತು ವರ್ಷಗಳ ನಂತರ.

ಹಾಳೆಯ ಮೇಲೆ ಒಂದು 8 ಬರೆಯಿರಿ. ಅದರ ಮೇಲೆಯೇ ಅಡ್ಡಲಾಗಿ ಮಲಗಿದ ಇನ್ನೊಂದು 8. ನಿಲ್ದಾಣದ ಎರಡು ಆಂಟೆನಾಗಳಿಂದ ಅಲೆಗಳು ಹೀಗೆ ಹರಡುತ್ತಿದ್ದವು. ಒಂದು ಆಂಟೆನಾ ಮೋರ್ಸ್ ಸಂಕೇತದ ‘ಎ’ ಅಕ್ಷರವನ್ನು, ಅಂದರೆ ಚುಕ್ಕೆ-ಗೀಟನ್ನು ಕಳಿಸುತ್ತಿತ್ತು. ಇನ್ನೊಂದು ‘ಎನ್’, ಅಂದರೆ ಗೀಟು-ಚುಕ್ಕೆ. ಜಾಣತನ ಇರುವುದು ಇಲ್ಲೇ: ಒಂದರ ಬಿಡುವಿನೊಳಗೆ ಇನ್ನೊಂದರ ಸದ್ದು ಸರಿಯಾಗಿ ಕೂರುತ್ತದೆ. ಎರಡೂ ಸಮಬಲದಲ್ಲಿ ಕೇಳಿಸುವ ಕಡೆ ಬಿಡುವೇ ಇಲ್ಲದ ಒಂದೇ ಗುಂಯ್‌ನಾದ. ಅಂಥ ನಾಲ್ಕು ಗೆರೆಗಳೇ ಆಕಾಶದ ನಾಲ್ಕು ರಸ್ತೆಗಳು. ‘ಎ’ ಜೋರಾಯಿತೇ, ವಿಮಾನ ಒಂದು ಪಕ್ಕಕ್ಕೆ ಸರಿದಿದೆ. ‘ಎನ್’ ಜೋರಾದರೆ ಇನ್ನೊಂದು ಪಕ್ಕಕ್ಕೆ. ನಿಲ್ದಾಣದ ನೆತ್ತಿಯ ಮೇಲೆ ಬಂದಾಗ ಸದ್ದು ಕ್ಷಣಕಾಲ ಅಡಗುತ್ತಿತ್ತು. ಆ ಮೌನವೇ ಊರು ಬಂತೆಂಬ ಗುರುತು. ಎದುರಿನಿಂದ ಬರುವವರಿಗೆ ಡಿಕ್ಕಿಯಾಗದಂತೆ ಚಾಲಕರು ಗೆರೆಯ ಬಲಕ್ಕೆ ಕೊಂಚ ಸರಿದೇ ಹಾರುತ್ತಿದ್ದರು!

ತೊಡಕುಗಳೂ ಇದ್ದವು. ನಿಮ್ಮ ಚಿತ್ರದಲ್ಲಿ ‘ಎ’ ಇರುವ ಭಾಗಗಳು ಎರಡು, ಎದುರುಬದುರು. ದಾರಿ ತಪ್ಪಿದವನು ಯಾವುದರಲ್ಲಿದ್ದಾನೆ? ಸದ್ದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಆಲಿಸುತ್ತಾ ಹಾರಿ ಲೆಕ್ಕ ಹಾಕಬೇಕಿತ್ತು, ಅದೂ ಪೆಟ್ರೋಲ್ ಮುಗಿಯುವುದರೊಳಗೆ. ಗುಡುಗು-ಮಿಂಚಿದ್ದರೆ ಈ ಅಲೆಗಳಲ್ಲಿ ಬರೀ ಗರಗರ. ಅತ್ಯಂತ ಬೇಕಾದ ಹೊತ್ತಿಗೇ ಕೈಕೊಡುವ ಸಲಕರಣೆ!

ಹಾಗಾಗಿ ಕಿವಿಯ ಕೆಲಸವನ್ನು ಮತ್ತೆ ಕಣ್ಣಿಗೆ ಒಪ್ಪಿಸುವ ಪ್ರಯತ್ನವೂ ನಡೆದಿತ್ತು. ಸಂಕೇತಕ್ಕೆ ತಕ್ಕಂತೆ ಕಂಪಿಸುವ ಎರಡು ತೆಳು ಲೋಹದ ಪಟ್ಟಿಗಳು. ಎರಡರ ಕಂಪನವೂ ಸಮನಾಗಿ ಕಂಡರೆ ದಾರಿ ಸರಿ. ಇಂಥ ಸಲಕರಣೆಯನ್ನೂ ಹೊಸ ಎತ್ತರಮಾಪಕವನ್ನೂ ನಂಬಿ ಜಿಮ್ಮಿ ಡೂಲಿಟಲ್ 1929ರ ಸೆಪ್ಟೆಂಬರ್ 24ರಂದು ನ್ಯೂಯಾರ್ಕ್ ಬಳಿ, ಪೂರ್ತಿ ಮುಚ್ಚಿದ ಆಸನದಲ್ಲಿ ಕೂತು, ಹೊರಗೆ ಒಮ್ಮೆಯೂ ನೋಡದೆ ವಿಮಾನ ಏರಿಸಿ, ಹಾರಿಸಿ, ಇಳಿಸಿದರು. ಜೊತೆಗಿದ್ದ ಇನ್ನೊಬ್ಬ ಚಾಲಕ ಕೆಲ್ಸಿ ನಿಯಂತ್ರಣಕ್ಕೆ ಕೈ ಹಚ್ಚಲಿಲ್ಲ. ಹಾರಾಟ ಸುಮಾರು 15 ನಿಮಿಷದ್ದು.

ಎರಡನೇ ಮಹಾಯುದ್ಧದ ನಂತರ ಬಂದ ‘ವಿಒಆರ್’ ನಾಲ್ಕರ ಬದಲು ಎಲ್ಲ ದಿಕ್ಕುಗಳಿಗೂ ದಾರಿ ಕೊಟ್ಟಿತು, ಮಿಂಚಿನ ಗರಗರವನ್ನೂ ಬಹುಮಟ್ಟಿಗೆ ತಪ್ಪಿಸಿತು. ಜಿಪಿಎಸ್ ಬಂದ ಮೇಲೂ ಅದು ಹಲವು ವಿಮಾನ ನಿಲ್ದಾಣಗಳಲ್ಲಿ ಕೆಲಸ ಮಾಡುತ್ತಿದೆ.